ಎಳೆಯ ತೋಳಿಗೊಬ್ಬ ಗುರು

ನಮ್ಮಲ್ಲಿ ಖಾಸಗಿ ಪಾಠವೆಂದರೆ ಗಣಿತ, ಇಂಗ್ಲಿಷ್ ಇಲ್ಲವೇ ಸಂಗೀತ. ಅಮೆರಿಕದಲ್ಲಿ ಬೇಸ್‌ಬಾಲ್‌ಗೂ ಖಾಸಗಿ ಪಾಠ ಉಂಟು. ಎಂಟು ಹತ್ತು ವರ್ಷದ ಮಕ್ಕಳನ್ನು ತಂದೆ ತಾಯಿಯರು ಗಂಟೆಯ ಲೆಕ್ಕದಲ್ಲಿ ಶುಲ್ಕ ತೆತ್ತು ತರಬೇತುದಾರನ ಕೈಗೆ ಒಪ್ಪಿಸುತ್ತಾರೆ. ಅಲ್ಲಿ ತಂಡವಿಲ್ಲ, ಪಂದ್ಯವಿಲ್ಲ. ಒಬ್ಬ ಗುರು, ಒಬ್ಬ ಶಿಷ್ಯ, ಬಲೆ ಕಟ್ಟಿದ ಒಂದು ಓಣಿ, ಬುಟ್ಟಿ ತುಂಬ ಚೆಂಡು.

ಇಂಥ ಪಾಠಕ್ಕೆ ಹಿಂದೆ ಶುಲ್ಕವಿರಲಿಲ್ಲ. 1902ರಲ್ಲಿ ಬಾಲ್ಟಿಮೋರ್‌ನ ಸೇಂಟ್ ಮೇರೀಸ್ ಶಾಲೆಗೆ ಸೇರಿಸಲಾದ ಏಳು ವರ್ಷದ ತುಂಟ ಹುಡುಗನಿಗೆ ಅಲ್ಲಿನ ಬ್ರದರ್ ಮಥಾಯಸ್ ಆಟ ಕಲಿಸಿದರು. ಆತನೇ ಮುಂದೆ ಜಗತ್ಪ್ರಸಿದ್ಧನಾದ ಬೇಬ್ ರೂತ್. ಅಯೋವಾದ ರೈತನೊಬ್ಬ ತನ್ನ ಹೊಲದಲ್ಲೇ ಮಗನಿಗಾಗಿ ಮೈದಾನ ಸಿದ್ಧಪಡಿಸಿದ. ಆ ಮಗ ಬಾಬ್ ಫೆಲರ್ 1936ರಲ್ಲಿ, 17ನೇ ವಯಸ್ಸಿಗೇ, ಕ್ಲೀವ್‌ಲ್ಯಾಂಡ್ ತಂಡದ ಪಿಚರ್ ಆದ. ಒಕ್ಲಹೋಮಾದ ಗಣಿ ಕಾರ್ಮಿಕ ಮಟ್ ಮ್ಯಾಂಟಲ್ ಬಲಗೈಯಿಂದಲೂ ಹುಡುಗನ ಅಜ್ಜ ಎಡಗೈಯಿಂದಲೂ ಚೆಂಡೆಸೆದು, ಎರಡೂ ಬದಿಯಿಂದ ಬ್ಯಾಟ್ ಬೀಸುವುದನ್ನು ಮಿಕಿ ಮ್ಯಾಂಟಲ್‌ಗೆ ರೂಢಿ ಮಾಡಿಸಿದರು.

1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಸ್ ಮಕ್ಕಳಿಗಾಗಿ ಲಿಟಲ್ ಲೀಗ್ ಆರಂಭಿಸಿದ ಮೇಲೆ ಆಟ ಊರೂರಿಗೆ ಹಬ್ಬಿತು. ಅಲ್ಲಿ ಕಲಿಸುವವರು ಹೆಚ್ಚಾಗಿ ಸ್ವಯಂಸೇವಕರಾದ ಪೋಷಕರು. ಹತ್ತು ಹನ್ನೆರಡು ಮಕ್ಕಳ ಗುಂಪಿನಲ್ಲಿ ಒಬ್ಬೊಬ್ಬರ ತಪ್ಪನ್ನೂ ತಿದ್ದುವ ವ್ಯವಧಾನ ಅವರಿಗೆ ಸಿಗುವುದಿಲ್ಲ. ಖಾಸಗಿ ಪಾಠಕ್ಕೆ ಬೇಡಿಕೆ ಬಂದದ್ದು ಇಲ್ಲಿ.

ಬೇಸ್‌ಬಾಲ್‌ನ ಬ್ಯಾಟ್ ಕ್ರಿಕೆಟ್ ಬ್ಯಾಟಿನಂತೆ ಚಪ್ಪಟೆಯಲ್ಲ, ಒನಕೆಯಂತೆ ದುಂಡಗೆ. ಚೆಂಡು ನೆಲಕ್ಕೆ ತಾಗದೆ ನೇರ ಬರುತ್ತದೆ. ದೊಡ್ಡವರ ಆಟದಲ್ಲಿ 60 ಅಡಿ 6 ಅಂಗುಲ ದೂರದಿಂದ ಗಂಟೆಗೆ 90 ಮೈಲಿ ವೇಗದಲ್ಲಿ ಬರುವ ಚೆಂಡಿಗೆ ಹಿಡಿಯುವ ಸಮಯ ಸುಮಾರು 0.4 ಸೆಕೆಂಡ್. ಆದ್ದರಿಂದ ಗುರು ಆಟವನ್ನು ಬಿಡಿಬಿಡಿಯಾಗಿ ಕಲಿಸುತ್ತಾನೆ. ಮೊದಲು ರಬ್ಬರ್ ಕಂಬದ ಮೇಲೆ ನಿಲ್ಲಿಸಿದ ಚೆಂಡು, ಅನಂತರ ಪಕ್ಕದಿಂದ ಮೆಲ್ಲಗೆ ಚಿಮ್ಮಿಸಿದ್ದು, ಕೊನೆಗೆ ಎದುರಿನಿಂದ ಎಸೆದದ್ದು. ಎಸೆಯುವವನಿಗಾದರೆ ಕಾಲಿನಿಂದ ಹುಟ್ಟಿದ ಬಲ ಸೊಂಟ, ಭುಜ, ಮೊಣಕೈ ದಾಟಿ ಬೆರಳಿಗೆ ತಲುಪುವ ಕ್ರಮವನ್ನು ವಿಡಿಯೋದಲ್ಲಿ ನಿಧಾನವಾಗಿ ತೋರಿಸುತ್ತಾನೆ.

ಇಂಥ ನಿಕಟ ತರಬೇತಿಯ ಫಲಕ್ಕೆ ಭಾರತದ ಉದಾಹರಣೆಯೂ ಇದೆ. ಉತ್ತರಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ಸ್ಪರ್ಧೆಯೊಂದರಲ್ಲಿ ಆಯ್ಕೆಯಾಗಿ ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲಿ ಟಾಮ್ ಹೌಸ್ ಎಂಬ ಅನುಭವಿ ಅವರನ್ನು ಪಳಗಿಸಿದರು. ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆ ಇಬ್ಬರೊಡನೆಯೂ ಒಪ್ಪಂದ ಮಾಡಿಕೊಂಡಿತು.

ಲೆಕ್ಕಕ್ಕೆ ಸಿಗದ ಎಸೆತಗಳು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ಪೋಷಕರ ವಾದ. ಆದರೆ ಬಗ್ಗಿಸುವ ಭರದಲ್ಲಿ ಗಿಡ ಮುರಿಯುವುದೂ ಉಂಟು. ಬೆಳೆಯುವ ಮಕ್ಕಳ ಮೊಣಕೈ ಮೂಳೆಯ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಅತಿಯಾಗಿ ಎಸೆದರೆ ಅದಕ್ಕೆ ಪೆಟ್ಟು. ಈ ಬೇನೆಗೆ 'ಲಿಟಲ್ ಲೀಗ್ ಮೊಣಕೈ' ಎಂದೇ ಹೆಸರು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ವೃತ್ತಿಪರ ಪಿಚರ್‌ಗೆ, ಹರಿದ ಅಸ್ಥಿರಜ್ಜುವಿನ ಬದಲು ಬೇರೆಡೆಯ ಸ್ನಾಯುಬಂಧ ಜೋಡಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಈಗ ಶಾಲಾ ಹುಡುಗರೂ ಅದೇ ಚಿಕಿತ್ಸೆಗೆ ಬರುತ್ತಿದ್ದಾರೆ.

ಲಿಟಲ್ ಲೀಗ್ 2007ರಿಂದ ಎಸೆತಗಳಿಗೆ ಮಿತಿ ಹಾಕಿದೆ: ದಿನಕ್ಕೆ 9-10 ವರ್ಷದವರಿಗೆ 75, 11-12 ವರ್ಷದವರಿಗೆ 85. ಆದರೆ ಇದು ಪಂದ್ಯದ ಲೆಕ್ಕ. ಸೋಮವಾರ ಖಾಸಗಿ ಗುರುವಿನ ಮುಂದೆ, ಬುಧವಾರ ಎರಡನೆಯ ತಂಡದಲ್ಲಿ, ಭಾನುವಾರ ಅಪ್ಪನ ಜತೆ ಎಸೆದದ್ದನ್ನು ಎಣಿಸುವವರು ಯಾರು? ತೋಳು ಒಂದೇ, ಕಲಿಸುವವರು ಮೂವರು. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ 2014ರಲ್ಲಿ ಹೊರತಂದ ಮಾರ್ಗಸೂಚಿ, ಮಕ್ಕಳಿಗೆ ವರ್ಷದಲ್ಲಿ ನಾಲ್ಕು ತಿಂಗಳಾದರೂ ಎಸೆತದಿಂದ ಬಿಡುವು ಇರಲಿ ಎನ್ನುತ್ತದೆ. ಅದೇ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಜಾನ್ ಸ್ಮೋಲ್ಟ್ಸ್ 2015ರಲ್ಲಿ ಹಾಲ್ ಆಫ್ ಫೇಮ್ ಗೌರವ ಸ್ವೀಕರಿಸುತ್ತ, ಬೇಸ್‌ಬಾಲ್ ವರ್ಷವಿಡೀ ಆಡುವ ಆಟವಲ್ಲವೆಂದು ಪೋಷಕರನ್ನು ಎಚ್ಚರಿಸಿದರು.

ಮಗುವಿನ ತೋಳನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ಖಾಸಗಿ ಗುರುವಿಗಷ್ಟೇ ಉಂಟು. ಈ ವಾರ ಈಗಾಗಲೇ ಎಷ್ಟು ಎಸೆದೆ ಎಂದು ಮೊದಲು ಕೇಳಿ, ಹೆಚ್ಚಾಗಿದ್ದರೆ ಆ ದಿನದ ಶುಲ್ಕ ಬಿಟ್ಟುಕೊಟ್ಟಾದರೂ ಮನೆಗೆ ಕಳುಹಿಸಬಲ್ಲ ಗುರು ದೊರೆತರೆ ಪೋಷಕರ ಹಣ ಸಾರ್ಥಕ.