ಹಾಲಿನ ಕವರ್ ಯಾಕೆ ಕೊಳೆಯಲಿಲ್ಲ?

ಲಕ್ಕೂರಿನಲ್ಲಿ ನಮ್ಮ ಅಬ್ಬಾ ಟೀ ಅಂಗಡಿ ನಡೆಸುತ್ತಾರೆ. ದಿನಕ್ಕೆ 6 ಪ್ಯಾಕೆಟ್ ಹಾಲು ಬೇಕು. ಖಾಲಿ ಕವರ್‌ಗಳನ್ನು ನಾನು ಹಿತ್ತಿಲಿನ ತಿಪ್ಪೆಗೆ ಹಾಕುತ್ತಿದ್ದೆ. ದಾದಿ ಬೇಡವೆಂದರೂ, “ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಇದೆಯಂತೆ, ಎಲ್ಲಾ ಗೊಬ್ಬರ ಆಗುತ್ತೆ” ಎಂದು ವಾದ ಮಾಡಿದ್ದೆ.

ಈ ವರ್ಷ ರಾಗಿ ಹೊಲಕ್ಕೆ ಗೊಬ್ಬರ ಕೊಳ್ಳಲು ಪಕ್ಕದ ಬೀದಿಯ ರೈತರೊಬ್ಬರು ಬಂದರು. ತಿಪ್ಪೆ ಅಗೆದಾಗ ಮೇಕೆ ಹಿಕ್ಕೆ, ಟೀ ಚರಟ, ಹಳೆಯ ಹತ್ತಿ ಬಟ್ಟೆ ಎಲ್ಲವೂ ಕಪ್ಪು ಮಣ್ಣಾಗಿದ್ದವು. ಹಾಲಿನ ಕವರ್ ಮಾತ್ರ ಹಾಗೇ ಇತ್ತು, ಮೇಲಿನ ಅಕ್ಷರವನ್ನೂ ಓದಬಹುದಿತ್ತು. ಅವರು ಗೊಬ್ಬರ ಬೇಡವೆಂದು ಹೊರಟುಹೋದರು.

ನಾನು ಕಾಮರ್ಸ್ ವಿದ್ಯಾರ್ಥಿನಿ. ಎಲ್ಲಿ ತಪ್ಪಿದೆ ಎಂದು ಜೀವಶಾಸ್ತ್ರದ ಮೇಡಂ ಅವರನ್ನು ಕೇಳಿದೆ.

ಬ್ಯಾಕ್ಟೀರಿಯಾ ಇರುವುದು ನಿಜ. ಅದು ಸಿಕ್ಕಿದ್ದು ಜಪಾನಿನ ಸಕಾಯ್ ನಗರದಲ್ಲಿ. ಹೆಸರು ಐಡಿಯೊನೆಲ್ಲಾ ಸಕಾಯೆನ್ಸಿಸ್. 2016ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆ ಇದನ್ನು ಪ್ರಕಟಿಸಿತು. ನಮ್ಮ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿದ್ದೂ ಅದೇ ತಿಂಗಳು.

ಆದರೆ ಅದು ತಿನ್ನುವುದು ಪಿಇಟಿ ಎಂಬ ಪ್ಲಾಸ್ಟಿಕ್ಕನ್ನು. ನೀರಿನ ಬಾಟಲಿ, ಪಾಲಿಯೆಸ್ಟರ್ ದುಪಟ್ಟಾ ಎರಡೂ ಪಿಇಟಿಯೇ. ಅದರ ಉದ್ದ ಸರಪಳಿಯಲ್ಲಿ ಎಸ್ಟರ್ ಎಂಬ ಕೊಂಡಿಗಳಿವೆ. ಬ್ಯಾಕ್ಟೀರಿಯಾದ ಒಂದು ಕಿಣ್ವ ಆ ಕೊಂಡಿಯನ್ನು ಕತ್ತರಿಸುತ್ತದೆ, ಇನ್ನೊಂದು ಆ ತುಂಡುಗಳನ್ನು ಮತ್ತೆ ಒಡೆಯುತ್ತದೆ. ಪ್ರಯೋಗಾಲಯದಲ್ಲಿ 30 ಡಿಗ್ರಿ ಶಾಖದಲ್ಲಿ ತೆಳು ಹಾಳೆಯೊಂದು ಕರಗಲು ಸುಮಾರು 6 ವಾರ ಹಿಡಿಯಿತು. ಬಾಟಲಿಯ ಪಿಇಟಿ ಇನ್ನೂ ಗಟ್ಟಿ, ಆದ್ದರಿಂದ ಅದು ಬೇಗ ಕರಗುವುದಿಲ್ಲ.

ಹಾಲಿನ ಕವರ್ ಪಾಲಿಥೀನ್. ಅದರ ಸರಪಳಿಯಲ್ಲಿ ಎಸ್ಟರ್ ಕೊಂಡಿಯೇ ಇಲ್ಲ, ಬರೀ ಇಂಗಾಲಕ್ಕೆ ಇಂಗಾಲ ಬಿಗಿಯಾಗಿ ಸೇರಿದೆ. ಆ ಕತ್ತರಿ ಇಲ್ಲಿ ನಡೆಯುವುದಿಲ್ಲ. ಹತ್ತಿಯಲ್ಲಿರುವ ಸೆಲ್ಯುಲೋಸ್ ಭೂಮಿಯ ಮೇಲೆ ಕೋಟ್ಯಂತರ ವರ್ಷಗಳಿಂದ ಇದೆ, ಅದನ್ನು ತಿನ್ನಲು ಮಣ್ಣಿನ ಜೀವಿಗಳು ಕಲಿತಿವೆ. ಪಾಲಿಥೀನನ್ನು ಮನುಷ್ಯ ಕಾರ್ಖಾನೆಗಾಗಿ ಕಂಡುಹಿಡಿದದ್ದು 1933ರಲ್ಲಿ, ಇಂಗ್ಲೆಂಡಿನಲ್ಲಿ.

ಬಿಸಿಲಿಗೆ ಬಿದ್ದ ಕವರ್ ಪುಡಿಯಾಗುವುದನ್ನು ನೀವೂ ನೋಡಿರಬಹುದು. ಪುಡಿಯಾಗುವುದು ಬೇರೆ, ಕೊಳೆಯುವುದು ಬೇರೆ. ಆ ಪುಡಿ ಹೊಲದಲ್ಲೇ ಉಳಿಯುತ್ತದೆ.

ಲೆಕ್ಕ ಹಾಕಿದೆ: ದಿನಕ್ಕೆ 6 ಎಂದರೆ ವರ್ಷಕ್ಕೆ 2,190 ಕವರ್. ದಾದಿ, ನಾನು ಎರಡು ದಿನ ಕೂತು ತಿಪ್ಪೆಯಿಂದ ಕವರ್ ಆರಿಸಿದೆವು. ಈಗ ತೊಳೆದು, ಒಣಗಿಸಿ, ಮೂಟೆ ಕಟ್ಟಿ ಗುಜರಿಯವರಿಗೆ ಕೊಡುತ್ತೇವೆ. ನಿಮ್ಮ ಮನೆಯಲ್ಲೂ ಹೀಗೆ ಮಾಡಿ.

ಹಗ್ಗದ ಮೇಲೆ ಕವರ್ ಒಣಹಾಕುವಾಗಲೆಲ್ಲಾ ದಾದಿ ನಗುತ್ತಾ ಕೇಳುತ್ತಾರೆ: “ಏನ್ ಬೇಟಿ, ನಿನ್ನ ಜಪಾನಿನ ಹುಳ ಇನ್ನೂ ಬರಲಿಲ್ಲವಾ?”