ಬೆಕ್ಕಿಗೆ ಸ್ನಾನ ಬೇಕೇ?



ಪೋಳ ಹಬ್ಬ ಬಂತೆಂದರೆ ಉಮರ್ಗಾ, ನಿಲಂಗಾ, ಉದ್ಗೀರ್ ಕಡೆಯ ನಮ್ಮ ರೈತರ ಮನೆಗಳಲ್ಲಿ ಎತ್ತುಗಳ ಸ್ನಾನದ ಸಂಭ್ರಮ. ದೇವಣಿ ಎತ್ತುಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿ, ಮೈ ತಿಕ್ಕಿ ತೊಳೆದು, ನೊಗ ಹೊತ್ತ ಹೆಗಲಿಗೆ ಅರಿಶಿನ ಹಚ್ಚುತ್ತೇವೆ. ಅದನ್ನು ನೋಡಿದ ಮಕ್ಕಳು ಮನೆಯ ಬೆಕ್ಕನ್ನೂ ಹಿಡಿದು ಬಕೆಟ್‌ನಲ್ಲಿ ಅದ್ದಲು ಹೋಗುತ್ತಾರೆ. ಮುಂದಿನ ಭಾನುವಾರ ಪೂಜೆಗೆ ಬಂದ ಮಕ್ಕಳ ಕೈಗಳನ್ನು ನೋಡಿದರೆ ಯಾರ ಮನೆಯಲ್ಲಿ ಬೆಕ್ಕಿಗೆ ಸ್ನಾನವಾಯಿತು ಎಂಬುದು ತಾನೇ ತಿಳಿಯುತ್ತದೆ!

ಎತ್ತಿಗೆ ಸ್ನಾನ ಬೇಕಾದರೆ ಬೆಕ್ಕಿಗೆ ಬೇಡವೇ ಎಂದು ಕೆಲವು ತಾಯಂದಿರು ನಮ್ಮನ್ನು ಕೇಳಿದ್ದಾರೆ. ಆರೋಗ್ಯವಾಗಿರುವ ಬೆಕ್ಕಿಗೆ ಸ್ನಾನ ಬೇಡ ಎಂಬುದೇ ನಮ್ಮ ಉತ್ತರ. ಆದರೆ ಕೆಲವು ಸಂದರ್ಭಗಳಲ್ಲಿ ತೊಳೆಯಲೇಬೇಕಾಗುತ್ತದೆ. ಆಗ ಯಾವುದರಿಂದ ತೊಳೆಯುತ್ತೇವೆ ಎಂಬುದು ಬೆಕ್ಕಿನ ಜೀವದ ಪ್ರಶ್ನೆ. ಈ ಲೇಖನ ಬರೆಯಲು ಅದೇ ಕಾರಣ.

ಎತ್ತು ಕೆಸರಿನಲ್ಲಿ ದುಡಿಯುತ್ತದೆ, ಸಗಣಿಯ ಮೇಲೆ ಮಲಗುತ್ತದೆ. ತನ್ನ ಮೈಯನ್ನು ಪೂರ್ತಿ ತೊಳೆದುಕೊಳ್ಳಲು ಅದಕ್ಕೆ ಆಗದು. ಬೆಕ್ಕಾದರೋ ಎಚ್ಚರವಿರುವ ಹೊತ್ತಿನ ದೊಡ್ಡ ಪಾಲನ್ನು ಮೈ ನೆಕ್ಕಿಕೊಳ್ಳುವುದರಲ್ಲೇ ಕಳೆಯುತ್ತದೆ. ಅದರ ನಾಲಿಗೆ ನಿಮ್ಮ ಕೈಗೆ ತಾಗಿದಾಗ ಅರದಂತೆ ಒರಟಾಗಿರುವುದನ್ನು ಗಮನಿಸಿರಬಹುದು. ನಾಲಿಗೆಯ ಮೇಲೆ ನಮ್ಮ ಉಗುರಿನಂಥದೇ ವಸ್ತುವಿನಿಂದಾದ, ಹಿಂದಕ್ಕೆ ಬಾಗಿದ ನೂರಾರು ಸಣ್ಣ ಮುಳ್ಳುಗಳಿವೆ. ಈ ಮುಳ್ಳುಗಳ ತುದಿ ಚಮಚದಂತೆ ಟೊಳ್ಳಾಗಿದ್ದು, ಜೊಲ್ಲನ್ನು ಹಿಡಿದುಕೊಂಡು ಕೂದಲಿನ ಬುಡದವರೆಗೂ ಮುಟ್ಟಿಸುತ್ತವೆ ಎಂದು ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು 2018ರಲ್ಲಿ ತೋರಿಸಿದರು. ಹೀಗೆ ಬಾಚಣಿಗೆ, ನೀರು ಎರಡೂ ಅದರ ಬಾಯಲ್ಲೇ ಇವೆ. ಬೇಸಿಗೆಯಲ್ಲಿ ಆ ಜೊಲ್ಲು ಆರುವಾಗ ಮೈ ತಂಪಾಗುವುದೂ ಉಂಟು.

ನೀರೆಂದರೆ ಅದಕ್ಕೇಕೆ ಅಷ್ಟು ಭಯ? ನಮ್ಮ ಮನೆಬೆಕ್ಕಿನ ಮೂಲ ಪೂರ್ವಜ ಒಣಪ್ರದೇಶದ ಕಾಡುಬೆಕ್ಕು. ಕೂದಲು ಬುಡದವರೆಗೆ ನೆನೆದರೆ ಮೈ ಭಾರವಾಗುತ್ತದೆ, ಬೇಗ ಆರುವುದಿಲ್ಲ, ಚಳಿ ಹಿಡಿಯುತ್ತದೆ. ನಮ್ಮ ಮಾಂಜರಾ ನದಿಯ ಹೆಸರು ಮರಾಠಿಯ ಮಾಂಜರ, ಅಂದರೆ ಬೆಕ್ಕು, ಎಂಬ ಮಾತಿನಂತೆಯೇ ಕೇಳಿಸುತ್ತದೆ. ಆದರೂ ಆ ನದಿಗೆ ತಾನಾಗಿ ಇಳಿದ ಬೆಕ್ಕನ್ನು ನಾವಂತೂ ಕಂಡಿಲ್ಲ. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಬೇಕಾಗಿ ಬಂದ ಸೀಮೆ ನಮ್ಮದು. ಬೇಡವೆಂದು ಕೂಗುವ ಪ್ರಾಣಿಗೆ ಎರಡು ಕೊಡ ನೀರು ಸುರಿಯುವುದರಲ್ಲಿ ಅರ್ಥವಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಬೆಕ್ಕು ಮೈಯನ್ನೆಲ್ಲ ನೆಕ್ಕುತ್ತದೆ ಎಂದೆವು. ಆದ್ದರಿಂದ ಅದರ ಕೂದಲಿಗೆ ನಾವು ಏನು ಹಚ್ಚುತ್ತೇವೋ ಅದು ಸ್ವಲ್ಪ ಹೊತ್ತಿನಲ್ಲಿ ಅದರ ಹೊಟ್ಟೆಗೆ ಹೋಗುತ್ತದೆ. ಕಳೆದ ಮಳೆಗಾಲದಲ್ಲಿ ನಿಲಂಗಾ ಕಡೆಯ ಒಂದು ಮನೆಯಲ್ಲಿ ಎಮ್ಮೆಗಳ ಉಣ್ಣಿಗೆ ಔಷಧಿ ಕಲಸಿದ್ದರು. ಎಮ್ಮೆಗಳಿಗೆ ಹಚ್ಚಿ ಮುಗಿದ ಮೇಲೆ ಬಕೆಟ್‌ನಲ್ಲಿ ಸ್ವಲ್ಪ ಉಳಿಯಿತು. ಬೆಕ್ಕಿಗೂ ಚಿಗಟ ಆಗಿದೆ, ಚೆಲ್ಲುವುದೇಕೆ ಎಂದು ಅದನ್ನೇ ಬೆಕ್ಕಿನ ಮೈಗೆ ಸುರಿದರು. ಸಂಜೆಗೆ ಬೆಕ್ಕಿನ ಕಿವಿ ಅದುರತೊಡಗಿತು, ಬಾಯಲ್ಲಿ ಜೊಲ್ಲು ಸುರಿಯಿತು, ಕಾಲು ತೂರಾಡಿತು. ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು. ಮನೆಯಲ್ಲಿ ಬಿತ್ತನೆಗೆಂದು ಇಟ್ಟಿದ್ದ ತೊಗರಿ ಚೀಲಗಳನ್ನು ನಾಲ್ಕು ವರ್ಷ ಇಲಿಗಳಿಂದ ಕಾಯ್ದ ಬೆಕ್ಕು ಅದು. ಮನೆಯವರು ಕೆಟ್ಟವರಲ್ಲ, ಅವರಿಗೆ ತಿಳಿದಿರಲಿಲ್ಲ ಅಷ್ಟೆ.

ದನಕ್ಕೂ ನಾಯಿಗೂ ಹಚ್ಚುವ ಪರ್ಮೆತ್ರಿನ್, ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್ ಮುಂತಾದ ಔಷಧಿಗಳು ಬೆಕ್ಕಿಗೆ ವಿಷ. ಇಂಥ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಆ ಕೆಲಸಕ್ಕೆ ಬೇಕಾದ ಕಿಣ್ವ ಅದರಲ್ಲಿ ಸಾಕಷ್ಟಿಲ್ಲ. ಉಣ್ಣಿಗೆ ಬಳಸುವ ಅಮಿತ್ರಾಜ್ ಕೂಡ ಬೆಕ್ಕಿಗೆ ಆಗದು. ಫಿನೈಲ್, ಡೆಟಾಲ್‌ನಂಥ ದ್ರವ, ಚಿಮಣಿ ಎಣ್ಣೆ, ಹೊಲಕ್ಕೆ ಹೊಡೆಯುವ ಯಾವುದೇ ಪುಡಿ ಕೂಡ ಬೇಡ. ಸ್ನಾನದ ಮಾತಲ್ಲದಿದ್ದರೂ ಇಲ್ಲೇ ಹೇಳಿಬಿಡುತ್ತೇವೆ: ನಮಗೆ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಆದರೂ ಬೆಕ್ಕನ್ನು ಕೊಲ್ಲಬಲ್ಲದು. ಔಷಧಿ ಬಾಟಲಿಯ ಮೇಲಿನ ಸಣ್ಣಕ್ಷರಗಳನ್ನು ಮರಾಠಿ ಶಾಲೆಗೆ ಹೋಗುವ ನಿಮ್ಮ ಮಕ್ಕಳಿಂದ ಓದಿಸಿ. ಬೆಕ್ಕಿಗೆ ಎಂದು ಬರೆದಿಲ್ಲವಾದರೆ ಬೆಕ್ಕಿಗೆ ಹಚ್ಚಬೇಡಿ.

ಚಿಗಟಕ್ಕೆ ಏನು ಮಾಡಬೇಕು? ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆಯಿಂದ ದಿನವೂ ಬಾಚಿ, ಹಣಿಗೆಯನ್ನು ಸೋಪಿನ ನೀರಿನಲ್ಲಿ ಅದ್ದುತ್ತಾ ಹೋಗಿ. ಚಿಗಟದ ಮೊಟ್ಟೆಗಳು ಬೆಕ್ಕಿನ ಮೈಮೇಲೆ ನಿಲ್ಲುವುದಿಲ್ಲ, ಅದು ಮಲಗುವ ಜಾಗದಲ್ಲಿ ಉದುರುತ್ತವೆ. ಆದ್ದರಿಂದ ಬೆಕ್ಕನ್ನು ತೊಳೆಯುವುದಕ್ಕಿಂತ ಅದರ ಗೋಣಿಚೀಲವನ್ನು ಕುದಿಯುವ ನೀರಿನಲ್ಲಿ ತೊಳೆದು ಸುಡುಬಿಸಿಲಿನಲ್ಲಿ ಹಾಕುವುದೇ ಹೆಚ್ಚು ಫಲಕಾರಿ.

ಹಾಗಾದರೆ ತೊಳೆಯಲೇಬೇಕಾದದ್ದು ಯಾವಾಗ? ಟ್ರ್ಯಾಕ್ಟರಿನ ಎಣ್ಣೆ, ಚಿಮಣಿ ಎಣ್ಣೆ, ಕೀಟನಾಶಕ ಮೈಗೆ ಮೆತ್ತಿಕೊಂಡಾಗ ಅದು ನೆಕ್ಕುವ ಮೊದಲೇ ತೊಳೆಯಬೇಕು. ಮುದಿಯಾಗಿ ನೆಕ್ಕಿಕೊಳ್ಳಲಾರದ ಬೆಕ್ಕನ್ನು ಒದ್ದೆಬಟ್ಟೆಯಿಂದ ಒರೆಸಿದರೆ ಸಾಮಾನ್ಯವಾಗಿ ಸಾಕು. ಕೂದಲು ದುಂಡಗೆ ಉದುರಿದ್ದರೆ ಅದು ಗಜಕರ್ಣವಿರಬಹುದು. ಮಕ್ಕಳಿಗೂ ಅಂಟುವ ಈ ರೋಗಕ್ಕೆ ಪಶುವೈದ್ಯರು ಔಷಧಿಯ ಸ್ನಾನ ಹೇಳುವುದುಂಟು.

ಈ ಕೆಲಸಕ್ಕೆ ಇಬ್ಬರು ದೊಡ್ಡವರು ಬೇಕು, ಮಕ್ಕಳು ದೂರವಿರಲಿ. ಬಚ್ಚಲಿನ ಬಾಗಿಲು ಮುಚ್ಚಿ. ಅಗಲವಾದ ಬುಟ್ಟಿಯ ತಳದಲ್ಲಿ ಗೋಣಿಚೀಲ ಹಾಸಿ. ಉಗುರಿಗೆ ಹಿಡಿತ ಸಿಕ್ಕರೆ ಬೆಕ್ಕಿನ ಅರ್ಧ ಗಾಬರಿ ಇಳಿಯುತ್ತದೆ. ಅರ್ಧ ಗಂಟೆಯ ಕುಸ್ತಿಯ ನಂತರ ನಾವು ಕಲಿತದ್ದು ಇದನ್ನೇ. ಬೆಕ್ಕನ್ನು ತರುವ ಮೊದಲೇ ನಾಲ್ಕು ಬೆರಳಷ್ಟು ಉಗುರುಬೆಚ್ಚಗಿನ ನೀರು ತುಂಬಿಡಿ, ಏಕೆಂದರೆ ನಲ್ಲಿಯ ಸದ್ದಿಗೇ ಅದು ಓಡುತ್ತದೆ. ಒಬ್ಬರು ಹೆಗಲನ್ನು ಮೆತ್ತಗೆ ಹಿಡಿದಿರಲಿ. ತಲೆಗೆ, ಕಿವಿಗೆ ನೀರು ಹಾಕಬೇಡಿ, ಮುಖವನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಎಳೆಮಕ್ಕಳಿಗೆ ಹಾಕುವ ಶಾಂಪೂ ಸ್ವಲ್ಪ ಬಳಸಬಹುದು. ಎಣ್ಣೆ, ಕೀಟನಾಶಕ ಮೆತ್ತಿದ್ದರೆ ಪಾತ್ರೆ ತೊಳೆಯುವ ದ್ರವ ಸೋಪು ಬೇಕಾಗುತ್ತದೆ, ನಿಮ್ಮ ಕೈಗೆ ಕೈಗವಸೂ ಬೇಕು. ನೊರೆ ಒಂದಿಷ್ಟೂ ಉಳಿಯದಂತೆ ತೊಳೆದು, ಒಣಗಿದ ಬಟ್ಟೆಯಲ್ಲಿ ಸುತ್ತಿ, ಗಾಳಿಯಿಲ್ಲದ ಬಿಸಿಲಿನಲ್ಲಿ ಒಣಗಿಸಿ. ಕೀಟನಾಶಕ ಮೆತ್ತಿದ್ದರೆ ಹಗಲು ರಾತ್ರಿ ನೋಡುವಂತಿಲ್ಲ. ಉಳಿದಂತೆ ಡಿಸೆಂಬರಿನ ಸಂಜೆ ಸ್ನಾನ ಬೇಡ, ಎಳೆಯ ಮರಿಗೂ ಗಬ್ಬದ ಬೆಕ್ಕಿಗೂ ಬೇಡ.

ವಿಷ ಮೆತ್ತಿದ ಬೆಕ್ಕು ಆಗಲೇ ಸೆಟೆದುಕೊಂಡು ಒದ್ದಾಡುತ್ತಿದ್ದರೆ ತೊಳೆಯುತ್ತಾ ಕೂರದೆ ನೇರವಾಗಿ ಪಶುವೈದ್ಯರಲ್ಲಿಗೆ ಒಯ್ಯಿರಿ, ಔಷಧಿಯ ಬಾಟಲಿಯೂ ಜೊತೆಗಿರಲಿ. ಬಾಯಿಗೆ ಹಾಲು, ಎಣ್ಣೆ ಹುಯ್ಯಬೇಡಿ. ಉದ್ಗೀರಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಎಮ್ಮೆಗೆ ಮಾತ್ರ ಡಾಕ್ಟರು, ಬೆಕ್ಕಿಗೇಕೆ ಎಂಬ ಸಂಕೋಚ ಬೇಡ. ಇಡೀ ಬೈಬಲ್ಲಿನಲ್ಲಿ ಬೆಕ್ಕಿನ ಪ್ರಸ್ತಾಪ ಬರುವುದು ಬಾರೂಕನ ಗ್ರಂಥದ 6ನೆಯ ಅಧ್ಯಾಯದಲ್ಲಿ ಮಾತ್ರ, ಅದೂ ವಿಗ್ರಹಗಳ ಮೇಲೆ ಓಡಾಡುವ ಪ್ರಾಣಿಯಾಗಿ. ಹಾಗೆಂದು ಸೃಷ್ಟಿಕರ್ತನು ಅದನ್ನು ಮರೆತನೆಂದು ತಿಳಿಯಬಾರದು!

ಕೊನೆಯದಾಗಿ ಕಚ್ಚಿದ, ಪರಚಿದ ಗಾಯದ ಮಾತು. ರೇಬೀಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರಬಹುದು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಬಿಡದೆ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಮೆತ್ತಬೇಡಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ಚುಚ್ಚುಮದ್ದು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಸುಗ್ಗಿಯ ಕೆಲಸವಿದೆ ಎಂದು ನಡುವೆ ಬಿಡದೆ, ಡಾಕ್ಟರು ಬರೆದುಕೊಟ್ಟ ದಿನಗಳಂದೇ ಹೋಗಿ ಪೂರ್ತಿ ಹಾಕಿಸಿಕೊಳ್ಳಿ. ಮನೆಯ ಬೆಕ್ಕಿಗೂ ಮೂರು ತಿಂಗಳಾದ ಮೇಲೆ ರೇಬೀಸ್ ಲಸಿಕೆ ಹಾಕಿಸಿ, ಮುಂದಿನ ಲಸಿಕೆಯ ದಿನವನ್ನು ಪಶುವೈದ್ಯರಿಂದ ಬರೆಸಿಕೊಂಡು ಬನ್ನಿ.