ಪಂದ್ಯದ ಗಾಡಿಗೆ ಮಿತವ್ಯಯದ ಟೈರು

ಮೋಟಾರು ಸೈಕಲ್ಲಿನ ಪಂದ್ಯವೆಂದೊಡನೆ ನಮ್ಮ ಮನೆಗಳಲ್ಲಿ ತಾಯಂದಿರು ಪ್ರಾಣಭಯದ ಮಾತನ್ನೂ ತಂದೆಯರು ವೆಚ್ಚದ ಮಾತನ್ನೂ ಎತ್ತುವರು. ಎರಡೂ ನ್ಯಾಯವಾದ ಚಿಂತೆಗಳೇ. ಇವೆರಡೂ ಒಂದುಗೂಡುವ ಸ್ಥಳ ಗಾಡಿಯ ಟೈರು. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತನಾದ ನಾನು ಈ ವಿಷಯವಾಗಿ ಬರೆಯಹೊರಟುದನ್ನು ಕಂಡು ವಾಚಕರು ನಗಬಹುದು. ಕಾರಣವನ್ನು ಕೇಳಿದ ಬಳಿಕ ನಗಲಾರರೆಂದು ನಂಬುತ್ತೇನೆ.

ನನ್ನ ತಂಗಿಯ ಮಗನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿ. ಅವನಲ್ಲಿ ಯಮಹಾ ಆರ್ ೧೫ ಎಂಬ ೧೫೫ ಸಿ.ಸಿ. ಗಾಡಿಯಿದೆ, ಎರಡನೆಯ ಕೈಯಿಂದ ಕೊಂಡುದು. ಚೆನ್ನೈ ನಗರದ ಸಮೀಪ ಇರುಂಗಾಟ್ಟುಕೋಟ್ಟೈಯಲ್ಲಿ ೧೯೯೦ರಲ್ಲಿ ತೆರೆದ, ಸುತ್ತಿಗೆ ಸುಮಾರು ೩.೭ ಕಿಲೋಮೀಟರು ಉದ್ದದ ಪಂದ್ಯಪಥಕ್ಕೆ ಆಗಾಗ ಅಭ್ಯಾಸಕ್ಕೆಂದು ಹೋಗುವನು. ಕಳೆದ ವರ್ಷ ಅಂಗಡಿಯೊಂದರಲ್ಲಿ "ರೇಸಿನಲ್ಲಿ ಓಡಿದ ಮಾಲು, ಇದಕ್ಕಿಂತ ಮೆತ್ತನೆಯ ರಬ್ಬರು ಎಲ್ಲಿಯೂ ಸಿಗದು" ಎಂಬ ಮಾತಿಗೆ ಮರುಳಾಗಿ, ಯಾರೋ ಬಳಸಿ ಬಿಟ್ಟ ಟೈರುಗಳ ಜೋಡಿಯನ್ನು ಅಗ್ಗವಾಗಿ ಕೊಂಡನು. ಮುಂಜಾನೆಯ ಎರಡನೆಯ ಸುತ್ತಿನಲ್ಲಿಯೇ ಮುಂಚಕ್ರವು ಜಾರಿ, ಬಿದ್ದು, ಕೊರಳೆಲುಬನ್ನು ಮುರಿದುಕೊಂಡನು. ತಂಗಿ ಫೋನಿನಲ್ಲಿ ಅಳುತ್ತ, "ಅಣ್ಣಾ, ನೀನು ಹೇಳಿದರೆ ಕೇಳುತ್ತಾನೆ, ಬಿಡಿಸು" ಎಂದಳು. ಬಿಡಿಸುವುದು ನನ್ನಿಂದಾಗದೆಂದು ನಾನು ಬಲ್ಲೆನು. ಬಿದ್ದುದೇಕೆಂಬುದನ್ನಾದರೂ ತಿಳಿಯೋಣವೆಂದು ಆ ಟೈರುಗಳನ್ನೇ ತರಿಸಿ, ಜಗಲಿಯ ಮೇಲಿಟ್ಟುಕೊಂಡು, ಕನ್ನಡಕವನ್ನೇರಿಸಿ ಓದಲು ಕುಳಿತೆನು.

ಓದಲು ಎಂದುದು ಅಲಂಕಾರಕ್ಕಲ್ಲ. ಟೈರಿನ ಪಕ್ಕದಲ್ಲಿ ಒಂದು ಚಿಕ್ಕ ಗ್ರಂಥವೇ ಇರುವುದು. ಹುಡುಗನ ಗಾಡಿಗೆ ತಯಾರಕರು ವಿಧಿಸಿದ ಹಿಂಭಾಗದ ಟೈರಿನ ಮೇಲೆ "೧೪೦/೭೦ ಆರ್ ೧೭, ೬೬ ಎಚ್" ಎಂದಿರುವುದು. ಇದರ ಅನ್ವಯ ಹೀಗೆ: ಅಗಲ ೧೪೦ ಮಿಲಿಮೀಟರು, ಎತ್ತರವು ಆ ಅಗಲದ ನೂರಕ್ಕೆ ೭೦ ಪಾಲು, ಒಳಗಿನ ನೂಲಿನ ಪದರಗಳು ರೇಡಿಯಲ್ ಕ್ರಮದಲ್ಲಿವೆ, ರಿಮ್ಮಿನ ವ್ಯಾಸ ೧೭ ಅಂಗುಲ, ೬೬ ಎಂದರೆ ೩೦೦ ಕಿಲೋ ಹೊರಬಲ್ಲದು, ಎಚ್ ಎಂದರೆ ಗಂಟೆಗೆ ೨೧೦ ಕಿಲೋಮೀಟರಿನ ವೇಗವನ್ನು ತಾಳಬಲ್ಲದು. ಪಾಣಿನಿಯ ಸೂತ್ರಗಳನ್ನು ಓದಿದವನಿಗೆ ಈ ಸಂಕ್ಷೇಪ ಹಿಡಿಸದಿದ್ದೀತೆ? ಆದರೆ ಕೊಳ್ಳುವವನಿಗೆ ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು ಮೂಲೆಯಲ್ಲಿರುವ ನಾಲ್ಕು ಅಂಕೆಗಳು. ಮೊದಲೆರಡು ವಾರ, ಕಡೆಯೆರಡು ಇಸವಿ. ಜಗಲಿಯ ಮೇಲಿದ್ದ ಟೈರಿನಲ್ಲಿ ೩೧೧೭ ಎಂದಿದ್ದಿತು. ಅದು ೨೦೧೭ನೆಯ ಇಸವಿಯ ೩೧ನೆಯ ವಾರದಲ್ಲಿ ಹುಟ್ಟಿದುದು. ರಬ್ಬರು ಕಾಲಕ್ರಮದಲ್ಲಿ ಗಡುಸಾಗುವುದು. ಪಂದ್ಯದಲ್ಲಿ ಕಾದು ತಣಿದಂತೆಲ್ಲ ಇನ್ನೂ ಬೇಗ ಗಡುಸಾಗುವುದು. ಉಗುರಿನಿಂದ ಒತ್ತಿ ನೋಡಿದೆನು. ಒಣಗಿದ ಎಕ್ಕಡದ ಅಟ್ಟೆಯಂತಿದ್ದಿತು.

ಇಷ್ಟೇ ಆಗಿದ್ದರೆ ಹೊಸದಾದ ಪಂದ್ಯದ ಟೈರನ್ನೇ ಕೊಳ್ಳೆಂದು ಹೇಳಿ ಮುಗಿಸಬಹುದಾಗಿತ್ತು. ವಿಷಯ ಅಷ್ಟು ಸರಳವಲ್ಲ.

ಗಾಡಿಯ ತೂಕ ೧೪೨ ಕಿಲೋ, ಹುಡುಗನದು ೫೮, ಒಟ್ಟು ೨೦೦. ಚಕ್ರವೊಂದಕ್ಕೆ ೧೦೦ ಕಿಲೋ ಎಂದಿಟ್ಟುಕೊಳ್ಳಿರಿ. ಒಳಗಿನ ಗಾಳಿಯ ಒತ್ತಡ ಚದರ ಅಂಗುಲಕ್ಕೆ ೨೯ ಪೌಂಡಾದರೆ, ಚದರ ಸೆಂಟಿಮೀಟರಿಗೆ ಸುಮಾರು ೨ ಕಿಲೋ ಆಯಿತು. ಭಾಗಿಸಿದರೆ ನೆಲವನ್ನು ಮುಟ್ಟುವ ಜಾಗ ಹೆಚ್ಚು ಕಡಮೆ ೫೦ ಚದರ ಸೆಂಟಿಮೀಟರು, ಎಂದರೆ ಅಂಚೆಕಾರ್ಡಿನ ಅರ್ಧಕ್ಕಿಂತಲೂ ಕಡಮೆ. ನನ್ನ ತಂಗಿಯ ಮಗನ ಪ್ರಾಣವು ಇಂತಹ ಎರಡು ತುಂಡುಗಳ ಮೇಲೆ ನಿಂತಿರುವುದೆಂದು ಲೆಕ್ಕದಿಂದ ತಿಳಿದಾಗ ಕೆಲಹೊತ್ತು ಪೆನ್ಸಿಲನ್ನು ಕೆಳಗಿಟ್ಟೆನು.

ಆ ತುಂಡು ರಸ್ತೆಯನ್ನು ಹಿಡಿಯುವುದು ಹೇಗೆ? ರಬ್ಬರು ರಸ್ತೆಯ ಕಲ್ಲುಕಣಗಳ ಸಂದಿಗಳಿಗೆ ಇಳಿದು, ಮತ್ತೆ ತನ್ನ ರೂಪಕ್ಕೆ ಬರುವಾಗ ತುಸು ತಡಮಾಡುವುದು. ಆ ತಡೆಯೇ ಹಿಡಿತ. ಅದರಲ್ಲಿ ನಷ್ಟವಾಗುವ ಶಕ್ತಿ ಶಾಖವಾಗುವುದು. ಪಂದ್ಯಕ್ಕೆಂದೇ ಮಾಡಿದ ರಬ್ಬರು ಚೆನ್ನಾಗಿ ಕಾದ ಮೇಲೆಯೇ ತನ್ನ ಗುಣವನ್ನು ತೋರುವುದು. ತಣ್ಣಗಿದ್ದರೆ ಸಾಮಾನ್ಯ ಟೈರಿಗಿಂತಲೂ ಕೀಳು. ಹುಡುಗನು ಕೊಂಡ ಜೋಡಿಯು ಸುಮಾರು ೪೦ ಅಶ್ವಶಕ್ತಿಯ ೩೦೦ ಸಿ.ಸಿ. ವರ್ಗದ ಗಾಡಿಗಳಿಗೆ ಒದಗತಕ್ಕದ್ದು. ಅಂತಹ ಟೈರುಗಳಿಗೆ ಪಂದ್ಯಕ್ಕೆ ಮುಂಚೆ ವಿದ್ಯುತ್ತಿನ ಕಂಬಳಿ ಹೊದಿಸಿ ಕಾಯಿಸುವರು. ಇವನ ಗಾಡಿಯ ಶಕ್ತಿ ಸುಮಾರು ೧೯, ಕಂಬಳಿಯಿಲ್ಲ. ಎರಡನೆಯ ಸುತ್ತಿನಲ್ಲಿ ಆ ರಬ್ಬರು ಇನ್ನೂ ನಿದ್ರಿಸುತ್ತಿದ್ದಿತು. ಸಣ್ಣ ಗಾಡಿಗೆ ಬೇಕಾದುದು ತನ್ನ ಅಲ್ಪಶಕ್ತಿಯಿಂದಲೇ ಬೇಗ ಕಾಯುವ, ಕಾಯುವ ಮೊದಲೂ ಕೈಬಿಡದ ಟೈರು. ರಸ್ತೆಗೆಂದೇ ಮಾಡಿದ, ಆದರೆ ಮೆದು ರಬ್ಬರಿನ ಟೈರುಗಳಲ್ಲಿ ಈ ಗುಣವಿದೆ. ನಮ್ಮ ದೇಶದಲ್ಲಿಯೇ ಎಂ.ಆರ್.ಎಫ್., ಸಿಯೆಟ್, ಟಿ.ವಿ.ಎಸ್., ಅಪೊಲೊ ಮುಂತಾದ ಕಾರ್ಖಾನೆಗಳು ಸಣ್ಣ ಗಾಡಿಗಳಿಗೆ ಟೈರುಗಳನ್ನು ತಯಾರಿಸುತ್ತವೆ. ಆದುದರಿಂದ ಹೊಸ ಮಾಲು ಸಿಗುವುದು ಕಷ್ಟವಲ್ಲ. ಇವುಗಳಲ್ಲಿ ನೀರು ಹರಿಯುವ ಗೆರೆಗಳೂ ಇರುವುದರಿಂದ ಮಳೆಗೆಂದು ಬೇರೊಂದು ಜೋಡಿಯ ವೆಚ್ಚ ತಪ್ಪುವುದು. ಲಾರಿಯ ಬಾಡಿಗೆಗೆ ಹಣವಿಲ್ಲದ ನಮ್ಮ ಹುಡುಗನು ಸುಮಾರು ೩೦೦ ಕಿಲೋಮೀಟರು ಅದೇ ಗಾಡಿಯನ್ನೇರಿ ಹೋಗುವನಲ್ಲವೆ? ಪಂದ್ಯದ ಮೆದು ಟೈರು ಆ ದಾರಿಯಲ್ಲಿಯೇ ಸವೆದುಹೋದೀತು.

ಅಗಲವಾದ ಟೈರು ಹಾಕಿದರೆ ಹಿಡಿತ ಹೆಚ್ಚುವುದೆಂದು ಹುಡುಗರು ನಂಬಿರುವರು. ರಿಮ್ಮು ಕಿರಿದಾಗಿದ್ದರೆ ಅಗಲವಾದ ಟೈರು ಅಂಚುಗಳಲ್ಲಿ ಹಿಸುಕಿಹೋಗಿ ಅದರ ದುಂಡು ಕೆಡುವುದು. ಗಾಡಿ ವಾಲಿದಾಗ ಮುಟ್ಟಬೇಕಾದ ಭಾಗವೇ ನೆಲವನ್ನು ಸರಿಯಾಗಿ ಮುಟ್ಟದು. ಮೇಲಾಗಿ ಭಾರ. ಹತ್ತೊಂಬತ್ತು ಕುದುರೆಗಳಿಗೆ ನೇಮಿಯನ್ನು ಭಾರಮಾಡಿ ಓಡೆಂದರೆ ಹೇಗೆ ಓಡಿಯಾವು? (ನೇಮಿಯೆಂಬುದು ಚಕ್ರದ ಸುತ್ತಂಚಿಗೆ ನಮ್ಮ ಹಳೆಯ ಹೆಸರು. ೧೮೮೮ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿಯ ನೇಮಿಯನ್ನು ಕಟ್ಟಿದನು. ಮರುವರ್ಷವೇ ಅಲ್ಲಿನ ಸೈಕಲ್ ಪಂದ್ಯಗಳಲ್ಲಿ ಅದನ್ನು ತೊಡಿಸಿದ ಸವಾರನು ಗೆದ್ದನು. ಮಗನ ಮೇಲಿನ ಮಮತೆಗೂ ಪಂದ್ಯಕ್ಕೂ ಟೈರಿಗೂ ನಂಟು ಹಳೆಯದು.)

ಇನ್ನು ಹಣದ ಮಾತು. ತಂಗಿಯು ಚೀಟಿ ಎತ್ತಿದ ಹಣದಲ್ಲಿ ಹನ್ನೆರಡು ಸಾವಿರ ರೂಪಾಯಿಗಳನ್ನು ನನ್ನ ಕೈಗಿತ್ತು, "ಇನ್ನೊಂದು ಕಾಸೂ ಇಲ್ಲ" ಎಂದಳು. ಹುಡುಗನು ಹಿಂದಿನ ಟೈರಿಗೆ ಹೆಚ್ಚು ಸುರಿಯೋಣವೆಂದನು. ಬೇಗ ಸವೆಯುವುದು ಅದೇ ಎಂಬುದು ಅವನ ವಾದ. ನಿಜವೇ. ಆದರೆ ಹಿಂಚಕ್ರ ಜಾರಿದರೆ ಸಾವರಿಸಿಕೊಳ್ಳಲು ಒಂದು ಕ್ಷಣವುಂಟು; ಮುಂಚಕ್ರ ಜಾರಿದರೆ ಅದೂ ಇಲ್ಲ. ಬ್ರೇಕಿನ ಭಾರವೆಲ್ಲ ಬೀಳುವುದೂ ಮುಂದಕ್ಕೇ. ಆದುದರಿಂದ ಮುಂದಿನದರಲ್ಲಿ ಜಿಪುಣತನ ಬೇಡವೆಂದು ಹಟಹಿಡಿದೆನು. ಕೊಳ್ಳುವ ಮುನ್ನ ಅವನು ಸೇರಬೇಕೆಂದಿರುವ ವರ್ಗದ ನಿಯಮಾವಳಿಯನ್ನೂ ಓದಿಸಿದೆನು. ಕೆಲವು ವರ್ಗಗಳಲ್ಲಿ ಎಲ್ಲರೂ ಒಂದೇ ಗೊತ್ತಾದ ಟೈರನ್ನು ಹಾಕತಕ್ಕದ್ದೆಂಬ ಕಟ್ಟಳೆಯಿರುವುದು. ಬಳಿಕ ಅಂಗಡಿಗೆ ನಾನೇ ಹೋಗಿ, ಮೂರು ಜೋಡಿಗಳನ್ನು ಇಳಿಸಿ ನೋಡಿ, ಆರು ತಿಂಗಳೊಳಗೆ ತಯಾರಾದ, ವಿಧಿಸಿದ ಅಳತೆಯದನ್ನೇ ಆರಿಸಿದೆನು. ಅಂಗಡಿಯವನಿಗೆ ಬೇಸರವಾಯಿತು, ಆಗಲಿ.

ಉಳಿದ ಹಣದಲ್ಲಿ ಗಾಳಿಯ ಒತ್ತಡವನ್ನಳೆಯುವ ಒಳ್ಳೆಯ ಮಾಪಕವೊಂದನ್ನು ಕೊಂಡೆವು. ಬಡವನ ಪಂದ್ಯಕ್ಕೆ ಇದಕ್ಕಿಂತ ಲಾಭದ ಸಾಮಾನಿಲ್ಲ. ೩೦ ಡಿಗ್ರಿಯ ಉಷ್ಣದಲ್ಲಿ ೨೯ ಪೌಂಡಿದ್ದ ಗಾಳಿ, ಟೈರು ೭೦ ಡಿಗ್ರಿಗೆ ಕಾದಾಗ ಸುಮಾರು ೩೫ಕ್ಕೆ ಏರುವುದು. ನೆಲವನ್ನು ಮುಟ್ಟುವ ಜಾಗ ಅದಕ್ಕೆ ತಕ್ಕಂತೆ ಕುಗ್ಗುವುದು. ಆದುದರಿಂದ ಹೊರಡುವ ಮುನ್ನ ಒಮ್ಮೆ, ಇಳಿದೊಡನೆ ಒಮ್ಮೆ ಅಳೆದು ಬರೆದಿಡಬೇಕು. ಎಷ್ಟು ಏರಿತೆಂಬುದನ್ನು ನೋಡಿ ಮುಂದಿನ ಬಾರಿಗೆ ಒಂದೊಂದೇ ಪೌಂಡು ತಿದ್ದಬೇಕು. ಹೊಸ ಟೈರಿನ ಮೈಮೇಲೆ ನುಣುಪು ಇರುವುದರಿಂದ ಮೊದಲ ಕೆಲವು ಸುತ್ತುಗಳನ್ನು ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ವಾಲಿಸುತ್ತ ಕಳೆಯತಕ್ಕದ್ದು.

ಎಲುಬು ಕೂಡಿ, ವೈದ್ಯರು ಅನುಮತಿಯಿತ್ತ ಮೇಲೆ ಹುಡುಗನು ಮತ್ತೆ ಹೋದನು. "ಮಾವ, ಬೆಳಿಗ್ಗೆ ಮುಂದಿನದು ೨೮, ಇಳಿದಾಗ ೩೨, ಬರೆದುಕೊಳ್ಳಿ" ಎಂದು ಅಲ್ಲಿಂದ ಫೋನು ಮಾಡಿದಾಗ ನಾನು ಸ್ನಾನಕ್ಕಿಳಿದಿದ್ದೆನು. ತಂಗಿಯೇ ಫೋನನ್ನೆತ್ತಿ, ಏನೊಂದೂ ಕೇಳದೆ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಆ ಅಂಕೆಗಳನ್ನು ಬರೆದಿಟ್ಟಿದ್ದಳು. ಆ ಹಾಳೆ ಈಗ ತುಂಬುತ್ತ ಬಂದಿದೆ.